ಗುಬ್ಬಿಯಲ್ಲಿ ಹೆಪ್ಪು ಕೊಟ್ಟವರು ಯಾರು?

“ಅಕ್ಕಾ, ಮೊಸರು ಹೆಪ್ಪಾಯ್ತಂತೆ ಕಣಕ್ಕ!”

ಬಿಸಿಲಿಗೆ ಸಂಡಿಗೆ ಇಡುತ್ತಿದ್ದವಳು ತಿರುಗಿ ನೋಡಿದೆ. ಕಾಂಪೌಂಡಿನ ಮೇಲೆ ಟೀಚರಮ್ಮನ ಮುಖ ಅರಳಿಕೊಂಡಿತ್ತು. ನಮ್ಮ ಎರಡು ಮನೆಗಳ ನಡುವಿನ ಗೋಡೆ ಸೊಂಟದೆತ್ತರದ್ದು. ಅವರ ಕಡೆಯಿಂದ ತೊಂಡೆಬಳ್ಳಿ, ನಮ್ಮ ಕಡೆಯಿಂದ ಮಲ್ಲಿಗೆ ಹಬ್ಬಿ ಅದು ಗೋಡೆಯೋ ಬೇಲಿಯೋ ತಿಳಿಯದಂತಾಗಿದೆ. ಇಪ್ಪತ್ತೆರಡು ವರ್ಷದಿಂದ ನಮ್ಮ ಸುಖದುಃಖದ ಮಾತೆಲ್ಲ ಅದರ ಎರಡು ಬದಿಗೆ ನಿಂತೇ ಆಗಿದೆ.

ಯಾವ ಮೊಸರು ಎಂದು ನಾನು ಕೇಳಲಿಲ್ಲ. ಒಂಬತ್ತೂವರೆಗೆ ಅವರ ಫೋನು ಬಡಿದುಕೊಂಡರೆ ಜಾಂಬಿಯಾದಲ್ಲಿ ಬೆಳಿಗ್ಗೆ ಆರು ಗಂಟೆ. ಮಗಳು ಡ್ಯೂಟಿಗೆ ಹೊರಡುವ ಮುಂಚೆ ಅಮ್ಮನ ಹತ್ತಿರ ಎರಡು ಮಾತಾಡಿ ಹೊರಡುತ್ತಾಳೆ. ಮಗಳು ನರ್ಸು, ಅಳಿಯ ಮೇಷ್ಟ್ರು. ಜಾಂಬಿಯಾದ ಪೂರ್ವಕ್ಕೆ, ಮಲಾವಿಯ ಗಡಿಗೆ ಹತ್ತಿರದಲ್ಲಿರುವ ಮಿಷನ್ ಆಸ್ಪತ್ರೆಯೊಂದಕ್ಕೆ ಮೂರು ವರ್ಷದ ಸೇವೆಗೆಂದು ಇಬ್ಬರೂ ಹೋಗಿ ಒಂಬತ್ತು ತಿಂಗಳಾಯಿತು. ಹೋಗುವ ಮುಂಚೆ ಹಳದಿ ಜ್ವರದ ಲಸಿಕೆ, ಪಾಸ್‌ಪೋರ್ಟು, ಚರ್ಚಿನಲ್ಲಿ ಅಯ್ಯನವರ ಪ್ರಾರ್ಥನೆ ಎಲ್ಲ ಆಯಿತು. ಪೆಟ್ಟಿಗೆ ತುಂಬುವ ದಿನ ನಾನೂ ಗೋಡೆ ದಾಟಿ ಹೋಗಿ ಕೂತಿದ್ದೆ. ಕನ್ನಡ ಬೈಬಲ್ಲು, ಸಂಗೀತ ಪುಸ್ತಕ, ಕುಕ್ಕರ್, ಹುಣಸೆಹಣ್ಣು, ನಾನು ಕುಟ್ಟಿಸಿ ಕೊಟ್ಟ ಸಾರಿನ ಪುಡಿ, ಹುರುಳಿಕಾಳು, ಐದು ಕೇಜಿ ರಾಗಿಹಿಟ್ಟು. ತೂಕ ಹೆಚ್ಚಾಯಿತೆಂದು ಅಳಿಯ ತನ್ನ ಬೂಟು ತೆಗೆದಿಟ್ಟ, ರಾಗಿಹಿಟ್ಟನ್ನು ಮುಟ್ಟಲಿಲ್ಲ.

ಎಲ್ಲ ಒಯ್ದರು. ಹೆಪ್ಪನ್ನು ಮಾತ್ರ ಒಯ್ಯಲಾಗಲಿಲ್ಲ.

ಒಣಮೆಣಸಿನಕಾಯಿಯ ತೊಟ್ಟನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿಟ್ಟರೆ ಮೊಸರಾಗುತ್ತದೆ ಎಂದು ಹೇಳಿಕಳಿಸಿದವಳು ನಾನೇ. ಮೂರು ಸಲ ಹಾಕಿದಳಂತೆ. ಒಂದು ಸಲ ಲೋಳೆಯಾಯಿತು, ಒಂದು ಸಲ ಒಡೆಯಿತು, ಇನ್ನೊಂದು ಸಲ ವಾಸನೆ ಬಂದು ಚೆಲ್ಲಿದಳು. ಕೊನೆಗೆ ಅವರ ಮನೆಯ ಹುಲ್ಲಿನ ತಟ್ಟಿಬೇಲಿಯ ಆಚೆ ಕಡೆಯ ಮುದುಕಿ ಇದನ್ನೆಲ್ಲ ನೋಡಿ ಒಂದು ಲೋಟದಲ್ಲಿ ‘ಮಬಿಸಿ’ ತಂದುಕೊಟ್ಟಳಂತೆ. ಮಬಿಸಿ ಎಂದರೆ ಆ ದೇಶದ ಹುಳಿಹಾಲು. ಹಾಲನ್ನು ತಾನಾಗಿಯೇ ಹುಳಿಯಲು ಬಿಟ್ಟು ಗಟ್ಟಿ ಮಾಡಿದ್ದು. ಅದರಲ್ಲಿ ಒಂದು ಚಮಚ ತೆಗೆದು ಹಾಲಿಗೆ ಹಾಕಿದಳು. ಬೆಳಿಗ್ಗೆ ನೋಡಿದರೆ ಮೊಸರು.

“ಫೋನಿನಲ್ಲೇ ಪಾತ್ರೆ ಬಗ್ಗಿಸಿ ತೋರಿಸಿದ್ಲು ಕಣಕ್ಕ, ಅಲ್ಲಾಡಲಿಲ್ಲ ಮೊಸರು” ಎಂದು ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ಕಣ್ಣೀರು ನನಗೆ ಅರ್ಥವಾಯಿತು. ಕುಣಿಗಲ್ ಕಡೆಯ ಹಳ್ಳಿಯಿಂದ ಮದುವೆಯಾಗಿ ತುಮಕೂರಿಗೆ ಬಂದವಳು ನಾನು. ಮೂವತ್ತಾರು ಕಿಲೋಮೀಟರಿನ ದಾರಿ, ಮಾತೂ ಒಂದೇ, ಉಣ್ಣುವ ಹಿಟ್ಟೂ ಒಂದೇ. ಆದರೂ ಮೊದಲ ಸಂಜೆ ಬಾಡಿಗೆ ಮನೆಯಲ್ಲಿ ಹಾಲು ಕಾಯಿಸಿಟ್ಟು, ಹೆಪ್ಪು ಹಾಕಲು ಮೊಸರಿಲ್ಲವೆಂದು ಗೊತ್ತಾದಾಗ ಆದ ದಿಕ್ಕೆಟ್ಟ ಭಾವ ಇನ್ನೂ ನೆನಪಿದೆ. ಯಾರ ಮನೆಯ ಕದ ತಟ್ಟುವುದು? ಕರೆದು ಹೆಪ್ಪು ಕೊಟ್ಟ ಹೆಂಗಸು ಇವತ್ತಿಲ್ಲ. ನಮ್ಮ ಮನೆಯಲ್ಲಿ ದಿನವೂ ಮುಂದುವರಿದು ಬಂದಿರುವುದು ಅವರ ಮೊಸರೇ ಎಂದು ನಾನು ನಂಬಿದ್ದೇನೆ.

“ನಮ್ಮ ಗುಬ್ಬಿಗೆ ಬಂದ ಆ ದೊರೆಸಾನಿಗೆ ಯಾರು ಕೊಟ್ಟಿದ್ರೋ ಹೆಪ್ಪು!” ಎಂದರು ಟೀಚರಮ್ಮ. ಬಾಯಿಗೆ ಬಂದಂತೆ ಅಂದ ಮಾತು. ನಾನು ಮಾತ್ರ ಸಂಡಿಗೆ ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ನಿಂತೆ.

ಗುಬ್ಬಿ ಅವರ ಹುಟ್ಟೂರು. ತುಮಕೂರಿನಿಂದ ಇಪ್ಪತ್ತು ಕಿಲೋಮೀಟರು, ಬಸ್ಸು ಹತ್ತಿದರೆ ಅರ್ಧ ಗಂಟೆ. ವೀರಣ್ಣನವರ ನಾಟಕ ಕಂಪನಿಯಿಂದ ಕನ್ನಡದವರಿಗೆಲ್ಲ ಗೊತ್ತಿರುವ ಊರು. ಪುರಾಣ ಕೇಳಲು ದಿನವೂ ಬಂದು ಕೂರುತ್ತಿದ್ದ ಜೋಡಿ ಗುಬ್ಬಿಗಳು ಪುರಾಣ ಮುಗಿದ ದಿನ ಅಲ್ಲೇ ಪ್ರಾಣ ಬಿಟ್ಟವು, ಅದಕ್ಕೇ ಊರಿಗೆ ಆ ಹೆಸರು ಎಂಬ ಕತೆಯನ್ನು ಟೀಚರಮ್ಮನೇ ನನಗೆ ಹೇಳಿದ್ದು. ಆ ಊರಿಗೆ 1837ರಲ್ಲಿ ಥಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಮಿಷನರಿ ಹೆಂಡತಿಯೊಡನೆ ಬಂದು ಸಂಸಾರ ಹೂಡಿದ. ಬೆಂಗಳೂರಿನ ದಂಡಿನಲ್ಲಿ ಬಿಳಿಯರ ನಡುವೆ ಇರಬಹುದಾಗಿತ್ತು. ಜನ ಆಡುವ ಕನ್ನಡದ ನಡುವೆಯೇ ಇರಬೇಕೆಂದು ಗುಬ್ಬಿಯನ್ನು ಹುಡುಕಿಕೊಂಡರು. ಅಲ್ಲಿನ ಪೇಟೆ, ಸಂತೆ ಆ ಕಾಲಕ್ಕೇ ಹೆಸರುವಾಸಿ. 1800ರಲ್ಲಿ ಈ ದಾರಿಯಾಗಿ ಹೋದ ಬುಕನನ್ ಕೂಡ ಗುಬ್ಬಿಯ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ಅಡಿಕೆ, ಕೊಬ್ಬರಿ, ಬಟ್ಟೆ ಮಾರಲು ಬರುವ ಜನರ ಕಿವಿಗೆ ತಮ್ಮ ಮಾತು ಬೀಳಲಿ ಎಂಬುದು ಅವರ ಲೆಕ್ಕ.

ಅದು ಮೈಸೂರು ಸೀಮೆ ಕಮಿಷನರ ಆಳ್ವಿಕೆಯಲ್ಲಿದ್ದ ಕಾಲ. ತುಮಕೂರಿನಲ್ಲಿ ಡಾಬ್ಸ್ ಎಂಬ ಸೂಪರಿಂಟೆಂಡೆಂಟ್ ದೊರೆ. ಇವತ್ತಿನ ದಾಬಸ್‌ಪೇಟೆ ಅವನ ಹೆಸರಿನದೇ. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ, ಅಂದರೆ ಇನ್ನೂ ನಲವತ್ತೇಳು ವರ್ಷಕ್ಕೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಲ್ಲಿಯವರೆಗೆ ಹಡಗುಗಳು ಆಫ್ರಿಕಾದ ಕೆಳಗಿನ ತುದಿ ಸುತ್ತಿಕೊಂಡು ನಾಲ್ಕು ಐದು ತಿಂಗಳು ನೀರಿನ ಮೇಲೇ ಇರಬೇಕು. ಆ ಮೇಲೆ ಎತ್ತಿನ ಗಾಡಿ, ಪಲ್ಲಕ್ಕಿ. ತವರಿಗೆ ಕಾಗದ ಬರೆದು ಉತ್ತರ ಕಾಯುವುದೆಂದರೆ ತಿಂಗಳುಗಟ್ಟಲೆಯ ಮಾತು. ಆ ಹೆಣ್ಣುಮಗಳಿಗೆ ಒಂಬತ್ತೂವರೆಯ ಫೋನು ಇರಲಿಲ್ಲ.

ಹಾಡ್ಸನ್ ಏನು ಮಾಡಿದ ಎಂಬುದು ಪುಸ್ತಕಗಳಲ್ಲಿದೆ. ಸಂತೆಯಲ್ಲಿ ಬೋಧಿಸಿದ್ದು, ಜನ ಕೇಳಿದ್ದು, ವಾದ ಮಾಡಿದ್ದು ಎಲ್ಲ ಇದೆ. ಮತ ಬದಲಿಸಿದವರು ಆ ಮೊದಲ ವರ್ಷಗಳಲ್ಲಿ ಬೆರಳೆಣಿಕೆ. ಗುಬ್ಬಿ ಕಡೆಯ ಒಬ್ಬನ ಕತೆಯನ್ನು ‘ಓಲ್ಡ್ ಡೇನಿಯಲ್’ ಎಂಬ ಹೆಸರಿನಲ್ಲಿ ಹಾಡ್ಸನ್ ಮುಂದೆ ಬರೆದ. 1839ರಲ್ಲಿ ಇಪ್ಪತ್ತರ ಹುಡುಗ ವಿಲಿಯಂ ಆರ್ಥರ್ ಐರ್ಲೆಂಡಿನಿಂದ ಬಂದು ಗುಬ್ಬಿಯಲ್ಲಿ ಅವರ ಜೊತೆ ಸೇರಿದ. ಕಣ್ಣಿನ ತೊಂದರೆ, ಅನಾರೋಗ್ಯ ಎಂದು 1841ರಲ್ಲೇ ವಾಪಸು ಹೋದ. ಆದರೂ ಇಲ್ಲಿ ಕಂಡದ್ದನ್ನು 1847ರಲ್ಲಿ ‘ಎ ಮಿಷನ್ ಟು ದಿ ಮೈಸೂರ್’ ಎಂಬ ದೊಡ್ಡ ಪುಸ್ತಕ ಮಾಡಿದ. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಹಾಡ್ಸನ್ನನ ಕನ್ನಡ ವ್ಯಾಕರಣ. 1859ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಹೊಸದಾಗಿ ಬಂದವರಿಗೆಂದು ಉದಾಹರಣೆಯ ಒಂದೊಂದು ಪದಕ್ಕೂ ಅರ್ಥ, ಉಚ್ಚಾರಣೆ ಕೊಟ್ಟು ಮಾಡಿದ ಪುಸ್ತಕ. ತಾನು ಎಡವಿದ ದಾರಿಯಲ್ಲಿ ಮುಂದೆ ಬರುವವರು ಎಡವದಿರಲಿ ಎಂದು ಕಲ್ಲು ಆಯ್ದವನ ಕೆಲಸ ಅದು.

“ಬಾ ಅನ್ನೋದಾ, ಬನ್ನಿ ಅನ್ನೋದಾ, ಬರಬೇಕು ಅನ್ನೋದಾ, ಅದನ್ನ ಕಲಿಯೋದ್ರಲ್ಲೇ ಎಷ್ಟು ಜನರ ಮನಸ್ಸು ನೋಯಿಸಿರ್ತಾರೋ” ಎಂದೆ ನಾನು.

“ಅಯ್ಯೋ, ನಮ್ಮ ಹುಡುಗಿಗೂ ಅದೇ ಆಯ್ತು!” ಎಂದರು ಟೀಚರಮ್ಮ.

ಅಲ್ಲಿನವರದು ನ್ಯಾಂಜಾ ಭಾಷೆ. ‘ಹೇಗಿದ್ದೀಯಾ’ ಎನ್ನಲು ‘ಉಲಿ ಬ್ವಾಂಜಿ’, ‘ಹೇಗಿದ್ದೀರಿ’ ಎನ್ನಲು ‘ಮುಲಿ ಬ್ವಾಂಜಿ’. ನಮ್ಮಂತೆಯೇ ಒಬ್ಬರಿಗೇ ಬಹುವಚನ ಹಾಕಿ ಮರ್ಯಾದೆ ಕೊಡುವ ಭಾಷೆ. ಈ ಹುಡುಗಿ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನಲ್ಲಿ ಕೇಳಿ ಕಲಿತದ್ದು ಮೊದಲನೆಯದು. ಅದನ್ನೇ ಬೇಲಿಯಾಚೆಯ ಮುದುಕಿಗೂ ಹೇಳಿದಳು. ಮುದುಕಿ ಬೇಸರ ಮಾಡಿಕೊಳ್ಳಲಿಲ್ಲ. ಸ್ವಲ್ಪ ಮೊಣಕಾಲು ಬಗ್ಗಿಸಿ, ಎರಡು ಕೈಯನ್ನೂ ಮೆಲ್ಲಗೆ ತಟ್ಟಿ, ‘ಮುಲಿ ಬ್ವಾಂಜಿ’ ಎಂದು ತಾನೇ ಇವಳಿಗೆ ಬಹುವಚನದಲ್ಲಿ ಹೇಳಿದಳು. ಇನ್ನೊಂದು ಸಲ ಹೇಳಿದಳು. ಇವಳಿಗೆ ಹೊಳೆಯುವವರೆಗೂ ಹೇಳಿದಳು. ಅವತ್ತಿನಿಂದ ಇವಳು ಅವಳನ್ನು ‘ಅಂಬುಯಾ’ ಎಂದು ಕರೆಯುತ್ತಾಳೆ. ಅಜ್ಜಿ ಎಂದರ್ಥ.

ನಾನು ಯೋಚಿಸುತ್ತಿದ್ದದ್ದು ಗುಬ್ಬಿಯ ಅಂಬುಯಾ ಯಾರಿರಬಹುದು ಎಂದು. ಹಾಲಿನವಳೇ? ನೀರು ತರುವವಳೇ? ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದವಳೇ? ಒಬ್ಬ ಪಂಡಿತರನ್ನು ಇಟ್ಟುಕೊಂಡು ಸಂಧಿ ಸಮಾಸ ಕಲಿಯಬಹುದು. ‘ಹಾಲು ಒಡೆದುಹೋಯಿತು’, ‘ಮಗುವಿಗೆ ಮೈ ಬಿಸಿಯಾಗಿದೆ’, ‘ನಾಳೆ ಸ್ವಲ್ಪ ಬೇಗ ಬಾರಮ್ಮ’ ಎಂಬ ಕನ್ನಡ ಪಂಡಿತರಿಂದ ಬರುವುದಿಲ್ಲ, ಅಡುಗೆಮನೆಯ ಬಾಗಿಲಿನಿಂದ ಬರುತ್ತದೆ. ಆ ಕನ್ನಡ ಮೊದಲು ಬಂದಿರುವುದು ಹಾಡ್ಸನ್ನನ ಹೆಂಡತಿಗೇ. ಇದಕ್ಕೆ ನನ್ನ ಹತ್ತಿರ ಕಾಗದದ ಪುರಾವೆಯಿಲ್ಲ, ಮನೆ ನಡೆಸಿದ ಹೆಂಗಸಿನ ತಿಳಿವಳಿಕೆಯಿದೆ. ಆಕೆಯ ಹೆಸರು ನಾನು ಓದಿದ ಕಡೆಯೆಲ್ಲ ‘ಶ್ರೀಮತಿ ಹಾಡ್ಸನ್’ ಎಂದಷ್ಟೇ. ಆಕೆಗೆ ಮಾತು ಕಲಿಸಿದವಳ ಹೆಸರಂತೂ ಎಲ್ಲೂ ಇಲ್ಲ.

ಇದು ನನ್ನನ್ನು ಬಹಳ ದಿನದಿಂದ ನೋಯಿಸುತ್ತಿರುವ ವಿಷಯ. ನಮ್ಮ ಕುಣಿಗಲ್ಲಿನ ಕುದುರೆ ಫಾರಂ ಹೈದರ್, ಟಿಪ್ಪು ಕಾಲದಿಂದ ಬಂದದ್ದು. ಅಲ್ಲಿಗೆ ಹೊರದೇಶದ ಕುದುರೆಗಳು ಬಂದು ನೆಲೆಯಾದವು. ಒಂದು ಮರಿ ಹುಟ್ಟಿದರೆ ಅಪ್ಪನ ಹೆಸರು, ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು ಎಲ್ಲ ವಂಶಾವಳಿಯ ಪುಸ್ತಕಕ್ಕೆ ಏರುತ್ತವೆ. ತಪ್ಪಲ್ಲ, ಏರಲಿ. ಆದರೆ ಸಮುದ್ರ ದಾಟಿ ಬಂದು ನಮ್ಮ ಬಿಸಿಲಿನಲ್ಲಿ ಒಲೆ ಹೂಡಿದ ಹೆಂಗಸರನ್ನೂ, ಅವರಿಗೆ ಒಲೆಗೆ ಕೆಂಡ ಕೊಟ್ಟ ನಮ್ಮ ಹೆಂಗಸರನ್ನೂ ಅಷ್ಟು ಜತನದಿಂದ ಯಾರೂ ಬರೆದಿಡಲಿಲ್ಲವಲ್ಲ.

ಮಂಗಳೂರು ಕಡೆಯ ಬಾಸೆಲ್ ಮಿಷನ್ನಿನ ಕತೆ ಇನ್ನೂ ಎದೆ ಕಲಕುವಂಥದ್ದು. ಅವಿವಾಹಿತರಾಗಿ ಬಂದ ಮಿಷನರಿಗಳು ಕೆಲವು ವರ್ಷ ಕಳೆದ ಮೇಲೆ ಮದುವೆಗೆ ಬಾಸೆಲ್ಲಿನ ಸಮಿತಿಯ ಒಪ್ಪಿಗೆ ಬೇಡಬೇಕು. ಒಪ್ಪಿಗೆ ಸಿಕ್ಕರೆ ಅಲ್ಲಿಂದ ವಧು ಹೊರಡುತ್ತಾಳೆ. ಎಷ್ಟೋ ಹುಡುಗಿಯರು ಗಂಡನಾಗುವವನ ಮುಖ ನೋಡಿದ್ದು ಹಡಗಿಳಿದ ಮೇಲೇ. ನಮ್ಮ ಕಪಾಟಿನಲ್ಲಿರುವ ಕನ್ನಡ ನಿಘಂಟಿನ ಕಿಟೆಲ್ 1860ರಲ್ಲಿ ಪೌಲೀನಾ ಐತ್ ಎಂಬವಳನ್ನು ಮದುವೆಯಾದ. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆಕೆ ತೀರಿಕೊಂಡಳು. 1867ರಲ್ಲಿ ಆಕೆಯ ತಂಗಿ ಯೂಲಿ ಅವನ ಕೈ ಹಿಡಿದಳು. ಅಕ್ಕನನ್ನು ನುಂಗಿದ ನೆಲ ಎಂದು ಗೊತ್ತಿದ್ದೂ ಆ ಮನೆಗೇ ಬರಲು ಎಂಥ ಗಟ್ಟಿ ಮನಸ್ಸು ಬೇಕು! ನಿಘಂಟು ಬಂದದ್ದು 1894ರಲ್ಲಿ. ಅದರ ಒಂದೊಂದು ಪುಟದ ಹಿಂದೆಯೂ ಆ ಅಕ್ಕತಂಗಿಯರ ಅಡುಗೆಮನೆ ಇದೆ ಎಂದು ನನಗೆ ಅನ್ನಿಸುತ್ತದೆ.

“ನಮ್ಮವರಲ್ಲಿ ಒಬ್ಬರ ಹೆಸರಾದ್ರೂ ಉಳೀತಲ್ಲಕ್ಕ, ಮೈಸೂರಿನಲ್ಲಿ” ಎಂದರು ಟೀಚರಮ್ಮ. ಹೌದು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. 1906ರಲ್ಲಿ ಶುರುವಾದ ಅದು ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಮಿಷನರಿಯ ಹೆಂಡತಿಯ ನೆನಪಿನದು. ಟೀಚರಮ್ಮನ ಮಗಳ ಪೂರಾ ಹೆಸರಿನಲ್ಲಿ ಮೇರಿ ಇರುವುದು ಅದಕ್ಕೇ ಎಂದು ನನಗೆ ಗೊತ್ತಾದದ್ದು ಇವತ್ತೇ.

ಮಾತು ಇಲ್ಲಿಗೆ ಬಂದಾಗ, ಒಂಬತ್ತು ತಿಂಗಳಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಕೇಳಿಯೇಬಿಟ್ಟೆ.

“ಬೇಜಾರು ಮಾಡ್ಕೋಬೇಡಿ ಟೀಚರಮ್ಮ. ಪಾವಗಡದಲ್ಲಿ, ಶಿರಾದಲ್ಲಿ ನರ್ಸಿಲ್ಲದ ಹಳ್ಳಿ ಇಲ್ವಾ? ಇಲ್ಲಿ ಸೇವೆ ಮಾಡೋಕೆ ಜನ ಇಲ್ವಾ? ಒಬ್ಬಳೇ ಮಗಳನ್ನ ಅಷ್ಟು ದೂರ ಯಾಕೆ ಕಳಿಸಿದ್ರಿ?”

ಅವರು ತೊಂಡೆಬಳ್ಳಿಯಲ್ಲಿ ಒಂದು ಕಾಯಿ ಹುಡುಕಿ ಕಿತ್ತರು, ಇನ್ನೊಂದು ಕಿತ್ತರು. ಆ ಮೇಲೆ ಹೇಳಿದರು.

“ನಮ್ಮ ಮುತ್ತಾತ ಧಾತು ವರ್ಷದ ಬರದಲ್ಲಿ ಸಿಕ್ಕಿದ ಮಗು ಕಣಕ್ಕ. ಅಪ್ಪ ಅಮ್ಮ ಯಾರೂಂತ ಅವರಿಗೇ ಗೊತ್ತಿರಲಿಲ್ಲ. ದಾರೀಲಿ ಬಿದ್ದಿದ್ದನ್ನ ಮಿಷನ್ನಿನ ದೊರೆಸಾನಿಯೊಬ್ಬರು ತಂದು ಗಂಜಿ ಕುಡಿಸಿ ಬದುಕಿಸಿದ್ರು. ಆ ದೊರೆಸಾನಿಯ ಊರಲ್ಲೂ ಬಡವರು ಇದ್ದೇ ಇದ್ರು. ಆಕೇನೂ ಒಬ್ಬ ತಾಯಿಗೆ ಮಗಳೇ. ಆ ತಾಯಿ ಬೇಡ ಅಂದಿದ್ರೆ ನಾನಿಲ್ಲ.”

ಧಾತು, ಈಶ್ವರ ಸಂವತ್ಸರಗಳ ಬರ ಎಂದರೆ 1876ರಿಂದ 78. ಮೈಸೂರು ಸೀಮೆಯ ಸುಮಾರು ಐವತ್ತು ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಜನ ಹೋದ ಬರ. ನಮ್ಮಜ್ಜಿ ಅದರ ಹೆಸರೆತ್ತಿದರೆ ಊಟದ ತಟ್ಟೆಗೆ ಕೈ ಮುಗಿಯುತ್ತಿದ್ದರು. ನಾನು ಮತ್ತೇನೂ ಕೇಳಲಿಲ್ಲ. ಅವರ ದೇವರಿಗೂ ನನ್ನ ದೇವರಿಗೂ ಬೇರೆ ಬೇರೆ ಗುಡಿ. ಮತ ಬದಲಿಸಬೇಕೆಂದು ಬಂದವರ ಬಗ್ಗೆ ನನ್ನ ಮನಸ್ಸು ಪೂರ್ತಿ ಒಪ್ಪಿದ್ದೂ ಇಲ್ಲ, ಅದನ್ನು ಅವರ ಎದುರೇ ಹೇಳಿದ್ದೇನೆ. ಆದರೆ ಗಂಜಿಯ ಲೆಕ್ಕ ಬೇರೆ. ಆ ಸಾಲವನ್ನು ಅವರು ಮಗಳ ಕೈಯಲ್ಲಿ, ಗುರುತಿಲ್ಲದ ಇನ್ನೊಂದು ನೆಲಕ್ಕೆ ತೀರಿಸುತ್ತಿದ್ದಾರೆ.

ಅಲ್ಲೂ ಬರವೇ. 2024ರಲ್ಲಿ ಮಳೆ ಕೈಕೊಟ್ಟು ಜಾಂಬಿಯಾದ ಮುಸುಕಿನಜೋಳ ಒಣಗಿತು, ಕರೀಬಾ ಅಣೆಕಟ್ಟಿನ ನೀರು ಇಳಿದು ಕರೆಂಟೇ ಇಲ್ಲದಂತಾಯಿತು. ನೆರೆಯವರು ಆ ದಿನಗಳ ಕತೆಯನ್ನು ಇನ್ನೂ ಹೇಳುತ್ತಾರಂತೆ. ಇವಳೂ ಈಗ ಇದ್ದಿಲ ಒಲೆಯಲ್ಲಿ ಬೇಯಿಸುವುದು ಕಲಿತಿದ್ದಾಳೆ. ಆಸ್ಪತ್ರೆಯ ಹತ್ತಿರದ ಎಲ್ಲರ ಮನೆಯಲ್ಲೂ ಮಧ್ಯಾಹ್ನಕ್ಕೆ ‘ನ್ಶಿಮಾ’. ಬಿಳಿ ಮುಸುಕಿನಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮರದ ಸಟ್ಟುಗದಲ್ಲಿ ತಿರುವಿ ಗಟ್ಟಿ ಮಾಡುತ್ತಾರೆ. ಕೈಯಲ್ಲಿ ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಕುಂಬಳದ ಎಲೆಯ ಪಲ್ಯಕ್ಕೆ ಅದ್ದಿ ತಿನ್ನುವುದು. ಮೊದಲ ದಿನ ಇವಳು ಅದನ್ನು ರಾಗಿಮುದ್ದೆ ನುಂಗಿದಂತೆ ನುಂಗಿದಳಂತೆ. ಅಂಬುಯಾ ಗಾಬರಿಯಾಗಿ ಬೆನ್ನು ತಟ್ಟಿ ನೀರು ಕೊಟ್ಟಳು. ಮಾರನೆಯ ವಾರ ಇವಳು ಒಯ್ದಿದ್ದ ಹಿಟ್ಟಿನಲ್ಲಿ ಮುದ್ದೆ ಕಟ್ಟಿ ಬಸ್ಸಾರಿನ ಜೊತೆ ಬೇಲಿಯ ಮೇಲೆ ಕೊಟ್ಟಳು. ಅಂಬುಯಾ ಬೆರಳಲ್ಲಿ ಮುಟ್ಟಿ, ಮೂಸಿ, ‘ಮವೆರೆ!’ ಎಂದು ಕೂಗಿ ಒಳಗೆ ಹೋಗಿ ಒಂದು ಮೊರದಲ್ಲಿ ಕಾಳು ತಂದು ತೋರಿಸಿದಳು.

ರಾಗಿ. ನಮ್ಮ ರಾಗಿಯೇ.

“ಮಗಳು ಅವತ್ತು ಫೋನಿನಲ್ಲಿ ಮಾತೇ ಆಡಲಿಲ್ಲಕ್ಕ, ಬರೀ ಅತ್ತಳು.”

ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ನಾಡು, ಇಥಿಯೋಪಿಯಾ, ಉಗಾಂಡಾ ಕಡೆ. ಸಾವಿರಾರು ವರ್ಷದ ಹಿಂದೆ ಯಾರ ಗಂಟಿನಲ್ಲೋ ಕಟ್ಟಿಕೊಂಡು ಸಮುದ್ರ ದಾಟಿ ಬಂದು ನಮ್ಮ ಕೆಂಪು ನೆಲದಲ್ಲಿ ಬೇರು ಬಿಟ್ಟಿತು. ನಮ್ಮಪ್ಪ ಕುಣಿಗಲ್ ಹೊಲದಲ್ಲಿ ಹಾಕುತ್ತಿದ್ದುದು ಇಂಡಾಫ್ ರಾಗಿ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಕೆ ಮಾಡಿ ತೆಗೆದ ತಳಿ. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ನಾನು ಚಿಕ್ಕವಳಿದ್ದಾಗ ಆ ಹೆಸರನ್ನು ಯಾವುದೋ ಔಷಧಿಯ ಹೆಸರು ಎಂದುಕೊಂಡಿದ್ದೆ. ಅದು ಬೀಗರ ಹೆಸರು. ಟೀಚರಮ್ಮನಿಗೆ ಇದನ್ನು ಹೇಳಿದಾಗ ಅವರು ಗೋಡೆಯ ಮೇಲೆ ಎರಡೂ ಕೈ ಊರಿ, “ಹಾಗಾದ್ರೆ ನಮ್ಮ ಹುಡುಗಿ ರಾಗಿಯ ತವರಿಗೇ ಹೋಗಿದಾಳೆ ಅನ್ನಿ” ಎಂದರು.

ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಡ್ಯೂಟಿಗೆ ಹೋಗುವ ದಾರಿಯಲ್ಲೇ ಮಾಡಿದ್ದಾಳೆ. ಟೀಚರಮ್ಮ ಫೋನನ್ನು ಗೋಡೆಯ ಈಚೆಗೆ ಚಾಚಿದರು. “ನಿಮ್ಮ ಹತ್ರಾನೇ ಮಾತಾಡಬೇಕಂತೆ.”

“ದೊಡ್ಡಮ್ಮಾ, ವಾರ್ಡಿನಲ್ಲಿ ಒಂದು ಮಗು ತೀರಾ ಸೊರಗಿದೆ, ಹಾಲು ಕೊಂಡು ಕುಡಿಸೋ ಶಕ್ತಿ ತಾಯಿಗಿಲ್ಲ. ಅಂಬುಯಾ ಮನೇಲಿ ರಾಗಿ ಇದೆ, ಆದ್ರೆ ಅವರು ಅದನ್ನ ಬೀರು ಮಾಡೋಕೇ ಜಾಸ್ತಿ ಬಳಸೋದು. ನೀವು ಮಕ್ಕಳಿಗೆ ಮಾಡಿ ಕೊಡ್ತಿದ್ರಲ್ಲ, ಮೊಳಕೆ ಕಟ್ಟಿ, ಒಣಗಿಸಿ… ಅದನ್ನ ಹೇಗೆ ಮಾಡೋದು? ನಿಧಾನಕ್ಕೆ ಹೇಳಿ, ಅಂಬುಯಾ ಪಕ್ಕದಲ್ಲೇ ಬರ್ತಿದಾರೆ, ನಾನು ಅವರಿಗೆ ಹೇಳ್ತೀನಿ.”

ನಾನು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಹೇಳಿದೆ. ಕಲ್ಲು ಆರಿಸಿ ಮೂರು ನೀರಿನಲ್ಲಿ ತೊಳಿ. ಒಂದು ರಾತ್ರಿ ನೆನೆಸು. ತೆಳ್ಳನೆ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ನೇತುಹಾಕು, ಬಟ್ಟೆ ಒಣಗಿದಂತೆಲ್ಲ ನೀರು ಚಿಮುಕಿಸು. ಎಳ್ಳಿನಷ್ಟು ಮೊಳಕೆ ಬಂದರೆ ಸಾಕು. ನೆರಳಲ್ಲಿ ಆರಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸು. ಘಮ ಬರುವವರೆಗೆ ಸಣ್ಣ ಉರಿಯಲ್ಲಿ ಹುರಿ, ಬೀಸು, ವಸ್ತ್ರಗಾಳಿಸು. ಮಗುವಿಗೆ ಮೊದಲ ದಿನ ತೀರ ತೆಳ್ಳಗೆ.

ಒಂದೊಂದು ಮಾತಾದ ಮೇಲೂ ಅತ್ತ ಕಡೆ ಅವಳು ನಿಂತು ನ್ಯಾಂಜಾದಲ್ಲಿ ಏನೋ ಹೇಳುತ್ತಿದ್ದಳು. ಮುದಿ ದನಿಯೊಂದು ಹೂಂಗುಟ್ಟುತ್ತಿತ್ತು. ನಡುವೆ ಆ ದನಿ ಏನೋ ಕೇಳಿತು.

“ದೊಡ್ಡಮ್ಮಾ, ಗಂಟನ್ನ ಎಷ್ಟು ಹೊತ್ತು ನೇತುಹಾಕಬೇಕು ಅಂತ ಕೇಳ್ತಿದಾರೆ.”

“ಅಲ್ಲಿ ಸೆಖೆ ಹೇಗಿದೆ ಕೇಳು” ಎಂದೆ ನಾನು.